ಎಡಗೈ ಬಲ್ಲವರು

"ಬೆರಳು ಬಗ್ತಾನೇ ಇಲ್ಲ, ಸ್ವಲ್ಪ ಹಿಡ್ಕೊಳ್ಳಿ ಸರ್" ಎನ್ನುತ್ತ ಸಂಘದ ಕಾರ್ಯದರ್ಶಿ ಶವದ ಬಲಗೈಯೊಳಗೆ ಬ್ಯಾಡ್ಮಿಂಟನ್ ಬ್ಯಾಟಿನ ಹಿಡಿಯನ್ನು ತೂರಿಸುತ್ತಿದ್ದ. ತೀರಿಕೊಂಡವರ ತಂಗಿಯ ಮಗ ಸೋದರಮಾವನ ಮಣಿಕಟ್ಟು ಎತ್ತಿ ಹಿಡಿದಿದ್ದ. ಹಿಡಿ ಜಾರಿತು, ಮತ್ತೆ ಜಾರಿತು. ಕೊನೆಗೆ ಕಾರ್ಯದರ್ಶಿ ಜೇಬಿನಿಂದ ರಬ್ಬರ್ ಬ್ಯಾಂಡು ತೆಗೆದು ಬೆರಳುಗಳನ್ನೂ ಹಿಡಿಯನ್ನೂ ಸೇರಿಸಿ ಸುತ್ತಿದ. ಅದು ಕಾಣದಂತೆ ಮೇಲೆ ಹೂ ಮುಚ್ಚಿ, ಹಿಂದೆ ಸರಿದು ಫೋಟೋ ತೆಗೆದ.

"ಈಗ ನೋಡಿ, ಚಾಂಪಿಯನ್ ಥರ ಕಾಣ್ತಾರೆ."

ತಲೆಯ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ತಂಗಿ ಬಾಯಿ ತೆರೆದಳು. ಹಾಗೆಯೇ ಮುಚ್ಚಿಕೊಂಡಳು.

ಅಣ್ಣ ಆಡುತ್ತಿದ್ದದ್ದು ಎಡಗೈಯಲ್ಲಿ.

ಕಾರ್ಯದರ್ಶಿಗೆ ಗೊತ್ತಿಲ್ಲ, ಹೋಗಲಿ, ನಿನ್ನೆ ಮೊನ್ನೆ ಬಂದವನು. ಅವಳ ಮಗನಿಗೂ ಗೊತ್ತಿರಲಿಲ್ಲ. ಅವನಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಮೊಣಕಾಲು ಕೆಟ್ಟು ಅಣ್ಣ ಆಟ ಬಿಟ್ಟಾಗಿತ್ತು. ಮಗ ಕಂಡ ಸೋದರಮಾವ ಬಲಗೈಯಲ್ಲೇ ಬರೆಯುತ್ತಿದ್ದ, ಬಲಗೈಯಲ್ಲೇ ಗಡ್ಡ ಹೆರೆಯುತ್ತಿದ್ದ. ಎಡಗೈ ಎತ್ತಿ ಹೊಡೆಯುವ ಫೋಟೋ ಒಂದೇ ಒಂದಿತ್ತು. ಯಾವುದೋ ಪತ್ರಿಕೆಯವರು ಕೇಳಿ ಒಯ್ದವರು ಮರಳಿಸಲಿಲ್ಲ. ಗೋಡೆಯ ಮೇಲೆ ಉಳಿದದ್ದು, ಎರಡೂ ಕೈಯಲ್ಲಿ ಕಪ್ಪು ಹಿಡಿದು ನಾಚಿಕೊಂಡು ನಿಂತ ಚಿತ್ರ.

ಒಂದು ಮಾತು ಹೇಳಿದ್ದರೆ ಸರಿ ಮಾಡುತ್ತಿದ್ದರು. ಆದರೆ ಹೇಳುವವಳು ತಾನೊಬ್ಬಳೇ ಎಂದಾದರೆ, ಅವನ ಆಟ ಕಂಡವರಲ್ಲಿ ಭೂಮಿಯ ಮೇಲೆ ಉಳಿದವಳೂ ತಾನೊಬ್ಬಳೇ ಎಂದಾಯಿತಲ್ಲ. ತನ್ನ ಕಣ್ಣೂ ಮುಚ್ಚಿದ ಮೇಲೆ?

ಅವಳು ಸೆರಗಿನೊಳಗೆ ಕೈ ಜೋಡಿಸಿದಳು. ಭಗವಂತಾ, ವ್ಯಾನು ಬರುವುದರೊಳಗೆ ಒಬ್ಬರನ್ನು ಕಳಿಸು. ನೋಡಿದವರು ಯಾರಾದರೂ ಬಂದು ಕೈ ತಪ್ಪಿದೆ ಅನ್ನಲಿ. ಇನ್ನೇನೂ ಕೇಳುವುದಿಲ್ಲ.

*

ಚಿಕ್ಕಂದಿನಲ್ಲಿ ಅಪ್ಪ ಅವನ ಎಡಗೈಯನ್ನು ಟವೆಲ್ಲಿನಿಂದ ಕುರ್ಚಿಗೆ ಕಟ್ಟಿ ಬರೆಯಲು ಕೂರಿಸುತ್ತಿದ್ದರು. "ದೇವರು ಬಲಗೈ ಯಾಕೆ ಕೊಟ್ಟಿದ್ದಾನೆ? ನೆಟ್ಟಗೆ ಬರಿ." ಗಂಟು ಬಿಚ್ಚುವ ಕೆಲಸ ತಂಗಿಯದು. ಅಪ್ಪ ಅಂಗಡಿಗೆ ಹೊರಟ ಮೇಲೆ ಇಬ್ಬರೂ ಹಿತ್ತಿಲಿಗೆ ಓಡುವರು. ಬಟ್ಟೆ ಒಣಗಿಸುವ ಹಗ್ಗವೇ ನೆಟ್ಟು. ಅವಳು ಒಂದೊಂದೇ ಶಟಲ್ ಎಸೆಯುವಳು. ಅವನು ಎಡಗೈ ಬೀಸುವನು. ಗರಿ ಕಿತ್ತು ಬೋಳಾದ ಶಟಲನ್ನೂ ಅವರು ಬಿಡುತ್ತಿರಲಿಲ್ಲ.

ಮೊದಲ ಫೈನಲ್ಲಿಗೆ ಅಪ್ಪನೂ ಬಂದರು. ಗ್ಯಾಲರಿಯಲ್ಲಿ ಮಗಳ ಪಕ್ಕ ಕುಳಿತು, ಮಗನ ಕೈ ನೋಡಿ ಕಲ್ಲಾದರು. ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದಂತೆಲ್ಲ ಅವರು ಅಂಗಿಯ ಗುಂಡಿ ತಿರುವುತ್ತಿದ್ದರು. ಗೆದ್ದವನು ನೆಟ್ಟಿನ ಮೇಲಿಂದ ಬಾಗಿ ಎದುರಾಳಿಯ ಕೈ ಕುಲುಕಿದ. ಆಮೇಲೆ ಬೆವರಿನಲ್ಲೇ ಮೆಟ್ಟಿಲು ಹತ್ತಿ ಬಂದು, ಎಡಗೈಯಲ್ಲಿ ಬ್ಯಾಟು ಹಿಡಿದು, ಬಲಗೈಯನ್ನು ಅಪ್ಪನ ಕಡೆಗೆ ಚಾಚಿದ.

ಅಪ್ಪ ಬ್ಯಾಟನ್ನೇ ನೋಡಿದರು. "ಹೊತ್ತಾಯ್ತು" ಎಂದು ತಂಗಿಯನ್ನು ಎಬ್ಬಿಸಿ ಹೊರಟುಬಿಟ್ಟರು. ಬಾಗಿಲ ಬಳಿ ಅವಳು ತಿರುಗಿ ನೋಡಿದಾಗ ಆ ಕೈ ಇನ್ನೂ ಚಾಚಿಕೊಂಡೇ ಇತ್ತು.

ಅದಾದ ಮೇಲೆ ಅವನು ನಾಲ್ಕು ಸಲ ಚಾಂಪಿಯನ್ ಆದ. ಒಮ್ಮೆಯೂ ಮನೆಯಲ್ಲಿ ಹೇಳಲಿಲ್ಲ. ಕಪ್ಪುಗಳನ್ನು ಮಂಚದ ಕೆಳಗೆ ತಳ್ಳುತ್ತಿದ್ದ.

*

ಬಂದವರು ಹತ್ತು ಮಂದಿಯೂ ಇರಲಿಲ್ಲ. ಎದುರು ಮನೆಯ ದರ್ಜಿ ಗೋಡೆಯ ಚಿತ್ರ ನೋಡುತ್ತ ನಿಂತಿದ್ದ.

"ಇಷ್ಟು ವರ್ಷ ಎದುರಿಗೇ ಇದ್ದೀನಿ, ಚಾಂಪಿಯನ್ ಅಂತ ಇವತ್ತೇ ಗೊತ್ತಾಗಿದ್ದು ನೋಡಿ. ಪ್ಯಾಂಟಿನ ಸೊಂಟ ಬಿಗಿ ಮಾಡಿ ಅನ್ನೋದು ಬಿಟ್ರೆ ಇನ್ನೊಂದು ಮಾತಾಡಿದ್ದೇ ಇಲ್ಲ."

"ಮದುವೆನಾದ್ರೂ ಆಗಿದ್ರೆ ಜೊತೆಗೊಬ್ರು ಇರ್ತಿದ್ರು" ಎಂದಳು ಸೊಸೆ.

"ಮಾವಂಗೆ ಡಬಲ್ಸ್ ಒಗ್ತಾನೇ ಇರ್ಲಿಲ್ಲ ಕಣೇ" ಎಂದ ಮಗ. ದರ್ಜಿ ನಗು ತಡೆಯಲು ಕೆಮ್ಮಿದ. ತಂಗಿಗೂ ತುಟಿ ಅರಳಿತು. ಅಣ್ಣ ಕೇಳಿದ್ದರೆ ಅವನೇ ಮೊದಲು ನಗುತ್ತಿದ್ದ.

ಆಗ ಸಫಾರಿ ತೊಟ್ಟ ಹಿರಿಯರೊಬ್ಬರು ಹಾರ ಹಿಡಿದು ಬಂದರು. ಸಂಘದ ಮಾಜಿ ಅಧ್ಯಕ್ಷರಂತೆ. "ಇವರ ಆಟ ನಾನು ಕಣ್ಣಾರೆ ನೋಡಿದ್ದೀನಮ್ಮ" ಎಂದರು.

ಅವಳು ಕುರ್ಚಿಯಲ್ಲೇ ಮುಂದಕ್ಕೆ ಸರಿದಳು. "ಹೌದಾ? ಹೇಗಿತ್ತು?"

"ಹೇಗಿತ್ತು ಅಂತೀರಾ? ಈ ಬಲಗೈ ಒಂದ್ಸಲ ಬೀಸಿದ್ರೆ ಎದುರಿಗಿದ್ದೋನು ಗಡಗಡ!" ಅವರು ಗಾಳಿಯಲ್ಲಿ ಬಲಗೈ ಬೀಸಿಯೂ ತೋರಿಸಿದರು. ಸೊಸೆ ಕಾಫಿ ಕೊಟ್ಟಳು. ಕುಡಿದು ಹೋದರು.

ಅವಳು ಸೆರಗಿನೊಳಗಿನ ಕೈ ಸಡಿಲಿಸಿದಳು. ಕೆಳಗೆ ವ್ಯಾನಿನ ಹಾರ್ನು ಕೇಳಿತು. ಚಾಲಕ ಮೇಲೆ ಬಂದು, "ನನಗೆ ಇನ್ನೊಂದು ಕಡೆ ಹೋಗೋದಿದೆ, ಬೇಗ ಮಾಡಿ" ಎಂದು ಕೆಳಗಿಳಿದ. ಮಗ ಅಂಗಿಯ ತೋಳು ಮಡಚಿದ. ತಲೆಯ ಕಡೆ ದರ್ಜಿ, ಕಾಲ ಕಡೆ ಕಾರ್ಯದರ್ಶಿ ಬಗ್ಗಿದರು.

"ತಡೀರೋ! ಮುದುಕ ಮೆಟ್ಲು ಹತ್ತೋವರೆಗೂ ತಡ್ಕೊಳ್ಳಕ್ಕಾಗಲ್ವಾ ನಿಮಗೆ?"

ಬಾಗಿಲಲ್ಲಿ ಮುದುಕರೊಬ್ಬರು ಊರುಗೋಲಿನ ಮೇಲೆ ಮೈಯೆಲ್ಲ ಭಾರ ಹಾಕಿ ಏದುಸಿರು ಬಿಡುತ್ತಿದ್ದರು. ಕಣ್ಣು ಕಿರಿದು ಮಾಡಿ ಕುರ್ಚಿಯ ಕಡೆ ನೋಡಿದರು. "ಶಟಲ್ ಡಬ್ಬಿ ಹೊತ್ಕೊಂಡು ಬರ್ತಿದ್ದ ತಂಗಿ ಅಲ್ವಾ ನೀನು? ಇನ್ನೂ ಇದ್ದೀಯಾ?"

"ಇದ್ದೀನಿ" ಎಂದಳು. ಅವಳಿಗೆ ಗುರುತು ಹತ್ತಿತ್ತು. ಆಡುವ ಕಾಲದಲ್ಲಿ ಇವರನ್ನು ಎಲ್ಲರೂ ರನ್ನರ್ ಎಂದೇ ಕರೆಯುತ್ತಿದ್ದರು. ಅಣ್ಣ ಗೆದ್ದ ಫೈನಲ್ಲುಗಳಲ್ಲೆಲ್ಲ ಸೋತವರು ಇವರೇ.

ರನ್ನರ್ ಶವದ ಹತ್ತಿರ ಬಂದು ನಿಂತರು. ಮುಖ ನೋಡಿದರು. ಹೂವಿನ ಕೆಳಗಿನ ಕೈ ನೋಡಿದರು.

"ಯಾವನೋ ಇದನ್ನ ಮಾಡ್ದೋನು?"

ಕಾರ್ಯದರ್ಶಿ ಮುಂದೆ ಬಂದ. "ಗೌರವಕ್ಕೆ ಅಂತ ನಾನೇ, ಸರ್."

"ಗೌರವ! ಈ ಕೈಲಿ ಆಡಿದ್ದಿದ್ರೆ ಆ ಕಪ್ಪೆಲ್ಲ ನನ್ ಮನೇಲಿರ್ತಿತ್ತಲ್ಲೋ! ಎಡಗೈ ಕಣ್ರೋ ಇವನದು, ಎಡಗೈ. ಎಲ್ರಿಗೂ ಕಷ್ಟದ ಎಡಮೂಲೆ ಅಂತ ನಾನು ಹೊಡೆದ್ರೆ, ಅಲ್ಲೇ ಇವನ ಕೈ ಕಾದು ಕೂತಿರ್ತಿತ್ತು. ಗೊತ್ತಿದ್ದೂ ಅಲ್ಲಿಗೇ ಹೊಡೀತಿದ್ದೆ, ಹಾಳಾದ ಅಭ್ಯಾಸ." ಅವರು ಶವದ ಮುಖದ ಕಡೆ ತಿರುಗಿದರು. "ನಲವತ್ತು ವರ್ಷ ಆಯ್ತು, ಈಗ್ಲೂ ಕನಸಲ್ಲಿ ಅಲ್ಲಿಗೇ ಹೊಡೀತೀನಿ."

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗ ತಾಯಿಯ ಕಡೆ ತಿರುಗಿದ. "ಹೌದಾ ಅಮ್ಮ? ಹೇಳ್ಬಾರದಿತ್ತಾ?" ಅವಳು ಹೌದೆಂದು ತಲೆಯಾಡಿಸಿದಳು.

ರನ್ನರ್ ಊರುಗೋಲನ್ನು ಅವಳ ಕೈಗೆ ಕೊಟ್ಟರು. ಹೂ ಸರಿಸಿ, ರಬ್ಬರ್ ಬ್ಯಾಂಡು ಬಿಡಿಸಿ ಕಿಸೆಗೆ ಹಾಕಿಕೊಂಡರು. ಬ್ಯಾಟನ್ನು ಎಡಗೈಯ ಅಂಗೈಗೆ ಒರಗಿಸಿದರು.

"ಕಟ್ಟದಿದ್ರೆ ಬಿದ್ದುಹೋಗತ್ತೆ ಸರ್" ಎಂದ ಕಾರ್ಯದರ್ಶಿ.

"ಬೀಳಲ್ಲ. ಇವನು ಯಾವತ್ತೂ ಬಿಗಿಯಾಗಿ ಹಿಡಿದೋನೇ ಅಲ್ಲ."

ಬ್ಯಾಟು ಅಲ್ಲಾಡದೆ ನಿಂತಿತು. ಕೆಳಗಿನಿಂದ ಮತ್ತೆ ಹಾರ್ನು ಬಂತು. ರನ್ನರ್ ಶರ್ಟಿಗೆ ತಮ್ಮ ಬಲಗೈ ಒರೆಸಿಕೊಂಡರು. ನಡುವೆ ನೆಟ್ಟು ಇದೆಯೆಂಬಂತೆ, ಮೈ ಅದಕ್ಕೆ ತಾಗದಂತೆ ಮುಂದಕ್ಕೆ ಬಾಗಿ, ಖಾಲಿಯಾಗಿ ಬಿದ್ದಿದ್ದ ಆ ಬಲಗೈಯನ್ನು ಹಿಡಿದು ಕುಲುಕಿದರು. ಬಿಡಲಿಲ್ಲ.

ವ್ಯಾನಿನ ಚಾಲಕ ಬಾಗಿಲಿಗೆ ಬಂದ. ಏನೋ ಹೇಳಲು ಹೊರಟವನು, ಟೋಪಿ ತೆಗೆದು ಅಲ್ಲೇ ನಿಂತ.