ಕೀಲಿ ಹುಡುಗಿಯ ನಡಿಗೆ

ಪರದೆಯ ಎಡಗಡೆ ಹಳೆಯ ಆಟ, ಬಲಗಡೆ ಹೊಸದು. ಎರಡರಲ್ಲೂ ಅದೇ ಏಳಂತಸ್ತಿನ ಮನೆ, ಅದೇ ಹುಡುಗಿ, ಅವಳ ಸೊಂಟದಲ್ಲಿ ಅದೇ ಕೀಲಿಗೊಂಚಲು. ಎಡಗಡೆಯವಳಿಗೆ ಮೂಗಿಲ್ಲ, ಕಣ್ಣೆಂದರೆ ಒಂದು ಕಪ್ಪು ಚೌಕ. ಬಲಗಡೆಯವಳಿಗೆ ರೆಪ್ಪೆಗೂದಲು ಕೂಡ ಇತ್ತು. ಲಂಗ ಗಾಳಿಗೆ ಅಲುಗುತ್ತಿತ್ತು, ನೆರಳು ಹಿಂದೆ ಹಿಂದೆಯೇ ಬರುತ್ತಿತ್ತು. ತಂಗಿಯ ಮಗಳು ನನ್ನ ಪಕ್ಕ ಕೂತು ಪರದೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಹಳೆಯ ಆಟವನ್ನು ಹೊಸದಾಗಿ ಕಟ್ಟುವ ಕೆಲಸ ಅವಳ ಕೈಕೆಳಗೇ ನಡೆದದ್ದು. ಎರಡನ್ನೂ ಹೋಲಿಸಿ ತೋರಿಸುವ ಈ ಚಿತ್ರ ಶುಕ್ರವಾರ ಹೊರಗೆ ಬೀಳುವುದಿತ್ತು. ಅದರ ಜೊತೆಗೇ ಆಟವೂ. ಅದಕ್ಕೆ ಮೊದಲು ದೊಡ್ಡಮ್ಮ ನೋಡಲಿ ಎಂದು ಕಚೇರಿಗೆ ಕರೆಸಿಕೊಂಡಿದ್ದಳು.

ನಾನು ಹುಡುಗಿಯ ಕಾಲು ನೋಡುತ್ತಿದ್ದೆ.

ಇಬ್ಬರೂ ನಡೆದರು. ಎಡಗಡೆಯವಳು ಒಂದು, ಎರಡು, ಮೂರು ಎಂದು ಒಂದು ಗಳಿಗೆ ತಡೆದು ನಾಲ್ಕು. ಬಲಗಡೆಯವಳು ಒಂದು ಎರಡು ಮೂರು ನಾಲ್ಕು, ಎಣ್ಣೆ ಹಾಕಿದ ಹೊಲಿಗೆ ಯಂತ್ರದ ಹಾಗೆ. ಕೆಳಗೆ ಅಕ್ಷರ ಮೂಡಿತು: "ಹಳೆಯ ಆಟದ ದೋಷ: ನಾಯಕಿ ಮುಗ್ಗರಿಸುವ ನಡಿಗೆ. ಸರಿಪಡಿಸಲಾಗಿದೆ."

ನನಗೆ ಸಿಟ್ಟೇ ಬರುವುದಿಲ್ಲ ಎಂದು ನಮ್ಮ ಮನೆಯಲ್ಲಿ ಒಂದು ಮಾತಿದೆ. ಹದಿನೈದು ದಿನ ಹಾಕಿದ ಕಸೂತಿಯ ಮೊದಲ ಸಾಲಿನಲ್ಲಿ ಒಂದೆಳೆ ತಪ್ಪಿದ್ದು ಕಂಡರೆ ಪೂರ್ತಿ ಬಿಚ್ಚಿ ಮತ್ತೆ ಕೂರುವವಳು ನಾನು. ಆ ಹೊತ್ತು ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಇದನ್ನ ದೋಷ ಅಂತ ಬರೆದೋರು ಯಾರು?"

"ನಾನೇ ದೊಡ್ಡಮ್ಮ. ಯಾಕೆ?"

ಅವಳು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಆ ಕಾಲದ ಯಂತ್ರಗಳು ನಿಧಾನವಂತೆ. ಮೂರನೆಯ ಚಿತ್ರದ ಹತ್ತಿರ ಯಂತ್ರ ತಡವರಿಸುತ್ತದಂತೆ. ಅವಳ ಗುಂಪಿನ ಮೂವತ್ತು ಜನರೂ ಮೊದಲು ಹಿಡಿದ ತಪ್ಪೇ ಅದಂತೆ. ನಾನು ಬರೆದ ನಾಲ್ಕು ಚಿತ್ರಗಳೂ ಸರಿಯಾಗಿಯೇ ಇವೆ, ನಾನು ಬೇಸರ ಮಾಡಿಕೊಳ್ಳಬಾರದಂತೆ. ಹೊಸ ಆಟದ ಕೊನೆಯಲ್ಲಿ ಹೆಸರುಗಳು ಬರುವಾಗ ನನ್ನದೇ ಮೊದಲ ಸಾಲಂತೆ. ಸಮಾಧಾನ ಮಾಡಲು ನನ್ನ ಕೈ ಮೇಲೆ ಕೈ ಇಟ್ಟಳು. ಅದರಿಂದ ಸಿಟ್ಟು ಇಮ್ಮಡಿಯಾಯಿತು.

"ಮಿಷನ್ ತಡವರಿಸಿದ್ದಲ್ಲ. ನಾನು ಹೇಳಿ ನಿಲ್ಲಿಸಿದ್ದು. ಅದು ಹಾಗೇ ಬರ್ಬೇಕು. ಇಲ್ಲಾಂದ್ರೆ ನನ್ನ ಹೆಸರು ತೆಗೆದುಹಾಕು."

ನನ್ನ ಹೆಸರಿನ ವಿಷಯ ಸಣ್ಣದಲ್ಲ. ಹಳೆಯ ಆಟದ ಕೊನೆಯಲ್ಲೂ ಹೆಸರುಗಳು ಮೇಲಕ್ಕೆ ಸರಿಯುತ್ತಿದ್ದವು. ಆಗ ನನಗೆ ಓದು ಬರುತ್ತಿರಲಿಲ್ಲ. ಅದರಲ್ಲಿ ನಾನೂ ಒಬ್ಬಳು ಎಂದುಕೊಂಡು ಹಿಗ್ಗುತ್ತಿದ್ದೆ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಮೇಲೆ ಒಂದು ದಿನ ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಮೂರು ಸಲ ಓದಿದೆ. ಆಟ ಕಟ್ಟಿಸಿದ ಯಜಮಾನರ ಭಾವಮೈದುನನ ಹೆಸರೂ ಇತ್ತು, ನನ್ನದಿರಲಿಲ್ಲ. ಆಗಲೂ ಸುಮ್ಮನಿದ್ದೆ.

ಆ ಕೆಲಸ ಸಿಕ್ಕಿದ್ದು ಒಂದು ದಿಂಬಿನ ಚೀಲದಿಂದ. ಟಿವಿ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ನಾಲ್ಕು ಜನ ಗಂಡಸರು ಆಟ ಕಟ್ಟುತ್ತಿದ್ದರು. ಅವರಿಗೆ ಲೆಕ್ಕ ಬರುತ್ತಿತ್ತು, ಬೊಂಬೆ ಬರುತ್ತಿರಲಿಲ್ಲ. ನಾನು ಚೌಕಳಿ ಬಟ್ಟೆಯ ಮೇಲೆ ಹಾಕಿದ ಗಿಳಿಯನ್ನು ಯಜಮಾನರು ಎಲ್ಲಿಯೋ ಕಂಡು, ಹದಿನಾರು ಚೌಕದಲ್ಲಿ ಹಕ್ಕಿ ಕೂರಿಸುವವರೇ ನಮಗೆ ಬೇಕಾದವರು ಎಂದು ಹುಡುಕಿಕೊಂಡು ಬಂದರು. ಗ್ರಾಫ್ ಹಾಳೆಯನ್ನೂ ಬಣ್ಣದ ಪೆನ್ಸಿಲ್ಲನ್ನೂ ಕೊಟ್ಟರು. ಅಗಲ ಹದಿನಾರು ಚೌಕ, ಎತ್ತರ ಇಪ್ಪತ್ತನಾಲ್ಕು. ಅದರೊಳಗೆ ಒಂದು ಹುಡುಗಿ ನಡೆಯಬೇಕು. ನಾನು ತುಂಬಿದ ಚೌಕಗಳನ್ನು ಅಂಕಿ ಮಾಡಿ ಯಂತ್ರಕ್ಕೆ ತುಂಬುವವನಿಗೆ ಕನ್ನಡಕ ಎಷ್ಟು ದಪ್ಪವೆಂದರೆ ಎಲ್ಲರೂ ಸೋಡಾಬುಡ್ಡಿ ಎಂದೇ ಕರೆಯುತ್ತಿದ್ದರು.

ಮಧ್ಯಾಹ್ನ ನನ್ನ ತಂಗಿ ಊಟದ ಡಬ್ಬಿ ತರುತ್ತಿದ್ದಳು. ಗೇಟಿನಿಂದ ನಮ್ಮ ಕಿಟಕಿಯವರೆಗೆ ಉದ್ದನೆಯ ಅಂಗಳ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಅವಳ ಎಡಗಾಲು ಬಡವಾಗಿತ್ತು. ಬಲಗಾಲು ಊರಿ, ಎಡಗಾಲನ್ನು ಸೊಂಟದಿಂದ ಎತ್ತಿ, ಅರ್ಧ ಸುತ್ತು ತಂದು, ನೆಲಕ್ಕೆ ಮುಟ್ಟಿಸುವ ಮೊದಲು ಒಂದು ಗಳಿಗೆ ಹಾಗೇ ಹಿಡಿಯುತ್ತಿದ್ದಳು. ಆ ಗಳಿಗೆಯಲ್ಲಿ ತಲೆ ಎತ್ತಿ ನೋಡುತ್ತಿದ್ದಳು, ಏನೋ ನೆನಪಾದವಳ ಹಾಗೆ. ಅದನ್ನೇ ನೋಡಿ ನಾಲ್ಕು ಚಿತ್ರ ಬರೆದೆ. ಮೂರನೆಯದನ್ನು ಎರಡು ಪಟ್ಟು ಹೊತ್ತು ನಿಲ್ಲಿಸು ಎಂದು ಸೋಡಾಬುಡ್ಡಿಗೆ ಹೇಳಿದೆ. ಜನ ತಪ್ಪು ಅಂದುಕೊಳ್ಳುತ್ತಾರಮ್ಮ ಎಂದ. ಅಂದುಕೊಳ್ಳಲಿ ಎಂದೆ. ನಿಲ್ಲಿಸಿದ.

ಆದರೆ ಅವನೂ ಒಂದು ಮೋಸ ಮಾಡಿದ. ಹುಡುಗಿ ಹಿಂದಿರುಗಿ ಬರುವಾಗಿನ ಚಿತ್ರಕ್ಕೆ ಯಂತ್ರದಲ್ಲಿ ಜಾಗವಿಲ್ಲವೆಂದು ಅದೇ ನಾಲ್ಕನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಹಾಕಿಬಿಟ್ಟ. ಹೋಗುವಾಗ ಎಡಗಾಲು ಕುಂಟಿದರೆ ಬರುವಾಗ ಬಲಗಾಲು. ಮೂರು ದಿನ ನಾನು ಅವನ ಜೊತೆ ಮಾತು ಬಿಟ್ಟಿದ್ದೆ.

ತಂಗಿ ಅಳುಕಿಲ್ಲದೆ ನಡೆಯುತ್ತಿದ್ದದ್ದು ಆ ಅಂಗಳದಲ್ಲಿ ಮಾತ್ರ. ಮನೆಗೆ ಯಾರಾದರೂ ಬಂದರೆ ಅಮ್ಮ ಕಣ್ಣಲ್ಲೇ ಕೂತ್ಕೋ ಎನ್ನುತ್ತಿದ್ದಳು. ಫೋಟೋ ತೆಗೆಯುವವನು ಬಂದರೂ ಕೂತ್ಕೋ. ಮದುವೆಯ ಫೋಟೋದಲ್ಲೂ ಗಂಡ ನಿಂತಿದ್ದಾನೆ, ಅವಳು ಕುರ್ಚಿಯಲ್ಲಿ, ಸೀರೆಯ ನೆರಿಗೆ ಪಾದ ಮುಚ್ಚಿದೆ. ಮಗುವಿಗೆ ಎರಡು ತುಂಬುವುದರೊಳಗೆ ಅವಳು ತೀರಿಕೊಂಡಳು. ಗಂಡ ಬೇರೆ ಮದುವೆಯಾಗಿ ಹೋದ. ಮಗು ನನ್ನ ಮಡಿಲಿಗೆ ಬಂತು. ಮಗೂಗೆ ಅವಳಮ್ಮ ಕುಂಟಿ ಅಂತ ಯಾವತ್ತೂ ಗೊತ್ತಾಗಬಾರದು ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಳು. ಕೊಟ್ಟೆ.

ಆ ಮಗು ಬೆಳೆದದ್ದು ಕೀಲಿ ಹುಡುಗಿಯ ಜೊತೆ. ಶಾಲೆಯಿಂದ ಬಂದವಳೇ ಆಟದ ಮುಂದೆ ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಸೂಜಿ ಹಿಡಿದು. ಆರು ವರ್ಷದವಳಿದ್ದಾಗ ಒಂದು ಸಂಜೆ ಅಡುಗೆಮನೆಯಿಂದ ಪಡಸಾಲೆಗೆ ಕೀಲಿ ಹುಡುಗಿಯ ಹಾಗೆಯೇ ನಡೆದುಬಂದಳು, ಕಾಲು ಎತ್ತಿ, ತಡೆದು, ತಲೆ ಎತ್ತಿ ನೋಡಿ. ಅಮ್ಮ ಎದ್ದುಬಂದು ಅವಳ ಕೆನ್ನೆಗೆ ಬಾರಿಸಿದಳು. ಯಾಕೆಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದೆ.

ಅಷ್ಟನ್ನೂ ಈಗ ಆ ಕಚೇರಿಯ ಗಾಜಿನ ಕೋಣೆಯಲ್ಲಿ, ಎರಡು ಹುಡುಗಿಯರು ಒಂದೇ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತುತ್ತಿದ್ದ ಪರದೆಯ ಮುಂದೆ, ಅವಳಿಗೆ ಹೇಳಿಬಿಟ್ಟೆ. ಮೆತ್ತಗೆ ಹೇಳಲಿಲ್ಲ. ನೀನು ಅಳಿಸಿಹಾಕಿದ್ದು ನಿಮ್ಮಮ್ಮನ ನಡಿಗೆ, ಅವಳು ನಡೆದದ್ದು ಈ ಪ್ರಪಂಚದಲ್ಲಿ ಉಳಿದಿರುವುದು ಅಲ್ಲೊಂದೇ ಕಡೆ ಎಂದು ಬಡಬಡನೆ ಹೇಳಿದೆ. ಹೇಳುವಾಗ ಅವಳನ್ನು ಗೆದ್ದೆ ಎನ್ನಿಸಿತು.

ಅವಳು ಬಲಗಡೆಯದನ್ನು ಪರದೆಯಿಂದ ತೆಗೆದಳು. ಎಡಗಡೆಯವಳು ಒಬ್ಬಳೇ ನಡೆದಳು.

"ಅಜ್ಜಿ ಹೊಡೆದಾಗ ನೀನು ಅಲ್ಲೇ ಇದ್ದೆ."

"ಇದ್ದೆ."

"ಸುಮ್ನಿದ್ದೆ."

"ಸುಮ್ನಿದ್ದೆ."

"ನಾನು ಗೊತ್ತಿಲ್ದೆ ಅಳಿಸಿದೆ, ದೊಡ್ಡಮ್ಮ. ನೀವಿಬ್ರೂ ಗೊತ್ತಿದ್ದು ಅಳಿಸಿದ್ರಿ. ಮೂವತ್ತು ವರ್ಷ ಅಮ್ಮ ದಿನಾ ನನ್ನೆದುರು ನಡೀತಿದ್ಳು, ನೀನು ಪಕ್ಕದಲ್ಲಿ ಕೂತು ನೋಡ್ತಿದ್ದೆ. ಈಗ ಬಂದು ನನ್ ಮೇಲೆ ಕೂಗಾಡ್ತೀಯಾ?"

ದನಿ ಏರಿಸದೆಯೇ ಹೇಳಿದಳು. ಗಾಡಿ ಕರೆಸಿದಳು, ಬಾಗಿಲು ತೆರೆದಳು, ಹಿಂದಿನ ಸೀಟಿನಲ್ಲಿ ನನ್ನ ಚೀಲ ಇಟ್ಟಳು. ಹುಷಾರಾಗಿ ಹೋಗು ಎನ್ನಲಿಲ್ಲ.

ಎರಡು ದಿನ ನನ್ನ ಸಿಟ್ಟಿಗೆ ಕೂರಲು ಜಾಗ ಸಿಗಲಿಲ್ಲ. ಮೊದಲು ಅವಳ ಮೇಲೆಯೇ ಇತ್ತು: ಸಾಕಿದವಳನ್ನು ಹೀಗೆ ಕಳಿಸಬಹುದೇ? ಆಮೇಲೆ ಅಮ್ಮನ ಮೇಲೆ ಹೋಯಿತು. ಸತ್ತು ಹತ್ತು ವರ್ಷವಾದವಳನ್ನು ಬಾಯಿಗೆ ಬಂದಂತೆ ಬೈದೆ. ಟ್ರಂಕಿನಲ್ಲಿದ್ದ ಫೋಟೋಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದು ತಂಗಿ ನಿಂತಿರುವುದು ಒಂದಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಎಲ್ಲದರಲ್ಲೂ ಕೂತಿದ್ದಳು. ಕೊನೆಗೆ ಆ ಸಿಟ್ಟು ತಿರುಗಿ ನನ್ನ ಹತ್ತಿರವೇ ಬಂತು. ಎಲ್ಲರೂ ನನ್ನ ತಾಳ್ಮೆಯನ್ನು ಹೊಗಳುತ್ತಾರೆ. ಅದರಲ್ಲಿ ಅರ್ಧ ಹೇಡಿತನ. ಸೂಜಿಗೆ ದಾರ ಪೋಣಿಸುತ್ತಿದ್ದರೆ ತಲೆ ತಗ್ಗಿರುತ್ತದೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಮೂರನೆಯ ದಿನ ಬೆಳಿಗ್ಗೆ ಫೋನು ಬಂತು.

"ಯಾವ ಕಾಲು?"

"ಎಡಗಾಲು."

"ಹಳೇದ್ರಲ್ಲಿ ವಾಪಸ್ ಬರೋವಾಗ ಬಲಗಾಲು."

"ಜಾಗ ಇರ್ಲಿಲ್ಲ. ಸೋಡಾಬುಡ್ಡಿ ಮಗುಚಿಬಿಟ್ಟ."

"ಈಗ ಜಾಗ ಇದೆ. ಬಾ."

ಕಚೇರಿಯ ಓಣಿಯಂಥ ಹಾದಿಯಲ್ಲಿ ನೆಲಕ್ಕೆ ಬಿಳಿ ಪಟ್ಟಿ ಅಂಟಿಸಿದ್ದರು. ಪಕ್ಕದಲ್ಲಿ ಮೂರು ಕ್ಯಾಮೆರಾ. ಮೂರನೆಯ ಚಿತ್ರವನ್ನು ಹಳೆಯ ಆಟದಂತೆ ಇಮ್ಮಡಿ ಹೊತ್ತು ನಿಲ್ಲಿಸಿದರೆ ಸಾಕಲ್ಲ, ಆಟ ಎರಡು ವಾರ ತಡ ಮಾಡಬೇಕೇ ಎಂದು ಅವಳ ಜೊತೆಯವನೊಬ್ಬ ಗೊಣಗುತ್ತಿದ್ದ. ಸಾಲದು ಎಂದಳು. ಹೊಸ ಆಟದಲ್ಲಿ ಒಂದು ಹೆಜ್ಜೆಗೆ ನಾಲ್ಕಲ್ಲ, ಹತ್ತಾರು ಚಿತ್ರ ಬೇಕು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಕಾಲು ಎಲ್ಲಿರುತ್ತಿತ್ತು, ಸೊಂಟ ಎಷ್ಟು ವಾಲುತ್ತಿತ್ತು, ಅದನ್ನು ಕಂಡವಳು ನಾನೊಬ್ಬಳೇ ಉಳಿದಿದ್ದೆ.

"ನಡಿ," ಎಂದಳು.

ಮೂವತ್ತು ಜನ ಕುರ್ಚಿಯಿಂದ ಕತ್ತು ಚಾಚಿ ನೋಡುತ್ತಿದ್ದರು. ಸತ್ತವಳನ್ನು ಅಣಕಿಸಿದಂತಾಗುತ್ತದೆ ಎಂದು ನನಗೆ ನಾಚಿಕೆ. ಅಮ್ಮನ ಕೈ ಎಲ್ಲಿಂದಲೋ ಬೀಸಿ ಬರುತ್ತದೆ ಎನ್ನಿಸಿತು. ಗೋಡೆ ಹಿಡಿದು ಆ ತುದಿಯವರೆಗೆ ಹೋದೆ.

"ಇದು ನಿನ್ನ ಮಂಡಿನೋವು," ಎಂದಳು ತಂಗಿಯ ಮಗಳು. "ಅಮ್ಮಂದು ನಡಿ."

ಹಿಂದೆ ಯಾರೋ ಕಿಸಕ್ಕೆಂದರು. ನನಗೆ ಮತ್ತೆ ಉರಿಯಿತು. ಗೋಡೆಯಿಂದ ಕೈ ತೆಗೆದೆ. ಬಲಗಾಲು ಊರಿದೆ, ಎಡಗಾಲನ್ನು ಸೊಂಟದಿಂದ ಎತ್ತಿ ಅರ್ಧ ಸುತ್ತು ತಂದೆ, ಹಿಡಿದೆ, ತಲೆ ಎತ್ತಿದೆ, ಊರಿದೆ. ಮಂಡಿ ಕಿತ್ತು ಬಂದಂತಾಯಿತು. ಇನ್ನೊಂದು ತುದಿಗೆ ಹೋಗಿ ತಿರುಗಿ ಬಂದೆ, ಎಡಗಾಲನ್ನೇ ಎತ್ತಿ. ಆಮೇಲೆ ಯಾರೂ ನಗಲಿಲ್ಲ. ಹನ್ನೊಂದು ಸಲ ನಡೆದೆ. ಪ್ರತಿ ಸಲವೂ ಅವಳು ಹಳೆಯ ಆಟದ ಚಿತ್ರಗಳಿಗೆ ಹೋಲಿಸಿ, ಸೊಂಟ ಇನ್ನೂ ವಾಲಲಿ, ತಲೆ ಆಗಲೇ ಎತ್ತಬೇಡ ಎಂದು ನನ್ನ ಕೈಯಲ್ಲೇ ತಿದ್ದಿಸಿದಳು. ನೀರು ಬೇಕೇ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕುರ್ಚಿಗೆ ಕುಸಿದು, ಆ ಹೋಲಿಕೆಯ ಚಿತ್ರದಲ್ಲಿ ಬರುವ ದೋಷಗಳ ಪಟ್ಟಿ ತಾ ಎಂದೆ. ಅವಳೇ ಯಂತ್ರದಲ್ಲಿ ತೆರೆದಳು. ಮುಗ್ಗರಿಸುವ ನಡಿಗೆ ಎಂಬ ಸಾಲನ್ನು ಅಳಿಸಿದಳು. ಆ ಜಾಗದಲ್ಲಿ ನಾನು ಹೇಳಿದ್ದನ್ನು ಬರೆದಳು: "ಹಳೆಯ ಆಟದ ದೋಷ: ಹಿಂದಿರುಗಿ ಬರುವಾಗ ನಾಯಕಿಯ ಕಾಲು ಬದಲಾಗುತ್ತಿತ್ತು. ಸರಿಪಡಿಸಲಾಗಿದೆ." ನಾನು ಒಂದೊಂದೇ ಅಕ್ಷರ ಓದಿ ಹೂಂ ಎಂದೆ.

ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದ ಮೇಲೆ ಅವಳು ಚಪ್ಪಲಿ ಬಿಟ್ಟು ಬಿಳಿ ಪಟ್ಟಿಯ ಮೇಲೆ ನಿಂತಳು. ನನ್ನ ಕಡೆ ನೋಡಲಿಲ್ಲ. ಮುಖ ಬಿಗಿದೇ ಇತ್ತು. ಆರು ವರ್ಷದವಳು ಪಡಸಾಲೆಗೆ ಬಂದ ಹಾಗೆಯೇ ನಡೆದಳು. ಎತ್ತಿ, ತಡೆದು, ನೋಡಿ. ಒಂದೆಳೆಯೂ ತಪ್ಪಿರಲಿಲ್ಲ. ತುದಿಯಲ್ಲಿ ತಿರುಗಿದಳು. ಬರುವಾಗ ಬಲಗಾಲು ಎತ್ತಿದಳು.

"ಆ ಕಾಲಲ್ಲ," ಎಂದೆ.

ನಿಂತಳು. ನನ್ನ ಕಡೆ ತಿರುಗಿದಳು, ಇಷ್ಟು ವರ್ಷ ಬಾಯಿ ಎಲ್ಲಿತ್ತು ಎನ್ನುವ ಹಾಗೆ. ನಾನು ತಲೆ ತಗ್ಗಿಸಲಿಲ್ಲ.

ಅವಳು ಮತ್ತೆ ಆ ತುದಿಗೆ ಹೋಗಿ ಮೊದಲಿನಿಂದ ನಡೆದುಬಂದಳು.