ತವರು ಅಂದುಕೊಂಡ ಮನೆ

ಒಂದು ಜಡೆ ಮುಗಿದಿತ್ತು, ಇನ್ನೊಂದು ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಫೋನು — ಕ್ಲಿನಿಕ್ಕಿನ ನರ್ಸ್, ನಿಮ್ಮ ಮಗಳು ದೀಕ್ಷಿತಾಳ ರಿಸಲ್ಟ್ ಬಂದಿದೆ, ಪಾಸಿಟಿವ್, ಇವತ್ತೇ ಕರೆದುಕೊಂಡು ಬರುತ್ತೀರಾ, ಚಿಕ್ಕ ಮಕ್ಕಳಿಗೆ ಔಷಧಿ ಚೆನ್ನಾಗಿ ಹಿಡಿಯುತ್ತದೆ — ಯೆಸ್, ಯೆಸ್, ಥ್ಯಾಂಕ್ ಯೂ ಅಂದಳು ವಿಜೇತಾ, ಮತ್ತೆ ಮಗಳ ಕೂದಲಿಗೆ ಕೈ ಹಾಕಿದಳು, ಯಾವ ಎಳೆ ಯಾವುದರ ಮೇಲೆ ಬರಬೇಕೆಂಬುದೇ ಮರೆತುಹೋಗಿತ್ತು, ತಾನು ರಕ್ತದಾನ ಮಾಡಿದ್ದು ಒಳ್ಳೆಯದಕ್ಕಲ್ಲವೇ, ಇಲ್ಲೇ ಪ್ಯಾರಮಟ್ಟಾದಲ್ಲಿ, ಆಫೀಸಿನ ತಾರಾ ಕರೆದಳೆಂದು, ದಕ್ಷಿಣ ಅಮೆರಿಕದಲ್ಲಿ ವಾಸವಿದ್ದಿರಾ ಎಂದು ಫಾರ್ಮಿನಲ್ಲಿ ಕೇಳಿದ್ದಕ್ಕೆ ಹೆಮ್ಮೆಯಿಂದಲೇ ಹೌದೆಂದು ಗುರುತು ಹಾಕಿದ್ದಳು, ಬೊಲಿವಿಯಾ, ಎರಡು ವರ್ಷ, ಮಗಳು ಹುಟ್ಟಿದ್ದೇ ಅಲ್ಲಿ — ಆಮೇಲೆ ಇನ್ನೊಂದು ಟೆಸ್ಟು, ಆಮೇಲೆ ಚಾಗಸ್ ಎಂಬ ರೋಗದ ಹೆಸರು, ಗೋಡೆಯ ಬಿರುಕಿನಲ್ಲಿರುವ ಕೀಟದಿಂದ ಬರುತ್ತದೆ, ವರ್ಷಗಟ್ಟಲೆ ಸದ್ದಿಲ್ಲದೆ ರಕ್ತದಲ್ಲಿದ್ದು ಹೃದಯವನ್ನು ಕೆಡಿಸಬಹುದು, ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ದಾಟಬಹುದು, ಎಂದಿದ್ದರು ಡಾಕ್ಟರ್, ಅವಳ ಮುಖ ನೋಡದೆ — ಗೋಡೆ, ಆ ಮಣ್ಣಿನ ಗೋಡೆ, ಗಂಡ ಧನರಾಜ್ ಕೆಲಸಕ್ಕಿದ್ದ ಗಣಿ ಕಂಪನಿ ಒಳ್ಳೆಯ ಮನೆಯನ್ನೇ ಕೊಟ್ಟಿತ್ತು, ಆದರೆ ಚೊಚ್ಚಲ ಬಸುರಿ ತವರಿಗೆ ಹೋಗಬೇಡವೇ, ಉಡುಪಿ ಎಲ್ಲಿ, ಅದೆಲ್ಲಿ, ಆಗ ಮನೆಗೆಲಸದ ಎಲ್ವಿರಾ ಕೈ ಹಿಡಿದು, ನನ್ನ ಮನೆಗೆ ಬಾ, ನಾನಿಲ್ಲವಾ ಎಂದಳು, ಸಿಮೆಂಟಿನ ಮನೆ ಉಂಟಲ್ಲ ಮಾರಾಯ್ತಿ, ಅಲ್ಲಿಗೆ ಎಂತಕ್ಕೆ ಎಂದ ಧನರಾಜ್, ಹಟ ಹಿಡಿದು ಹೋದಳು, ಏಳನೇ ತಿಂಗಳಿಗೆ ಬಯಕೆ ಶಾಸ್ತ್ರ ಎಂದರೇನೆಂದು ಕೇಳಿ ತಿಳಿದುಕೊಂಡು ಎಲ್ವಿರಾ ಮುಡಿತುಂಬ ಹೂ ಮುಡಿಸಿದಳು, ಅದರ ಮರುದಿನವೇ ಇರಬೇಕು, ಬೆಳಿಗ್ಗೆ ಎದ್ದರೆ ತನ್ನ ಒಂದು ಕಣ್ಣಿನ ರೆಪ್ಪೆ ಊದಿಕೊಂಡಿದೆ, ತಿಗಣೆ ಕಚ್ಚಿರಬೇಕು ಎಂದು ಇಬ್ಬರೂ ನಕ್ಕು ಅರಿಶಿನ ಹಚ್ಚಿದರು — ತಾನೂ ನಕ್ಕಳಲ್ಲ, ಹೊಟ್ಟೆಯೊಳಗೆ ಇವಳು ಒದೆಯುತ್ತಿದ್ದಳು, ನಕ್ಕಳಲ್ಲ — ಧನರಾಜನಿಗೆ ಈಗ ಮೆಲ್ಬರ್ನಿನಲ್ಲಿ ಕೆಲಸ, ಶುಕ್ರವಾರ ಬರುತ್ತಾನೆ, ನಾನು ಆಗಲೇ ಹೇಳಿದ್ದೆ ಎಂದು ಒಮ್ಮೆಯೂ ಅಂದಿಲ್ಲ, ಅಂದಿದ್ದರೆ ಜಗಳವಾದರೂ ಆಡಬಹುದಿತ್ತು, ಆ ಊದಿದ ರೆಪ್ಪೆ ಅವನಿಗೂ ನೆನಪಿದೆ, ಎಲ್ವಿರಾಳಿಗೆ ಹೇಳುವವರು ಯಾರು, ಅವಳ ಮಕ್ಕಳೂ ಅದೇ ಗೋಡೆಯ ಪಕ್ಕ ಮಲಗಿದವರು, ಅವರ ರಕ್ತ ಯಾರು ನೋಡಿದರು — ಮಗಳಿಗೆ ಐರನ್ ಟೆಸ್ಟ್ ಎಂದು ಸುಳ್ಳು ಹೇಳಿದ್ದಳು, ಒಂಬತ್ತು ವರ್ಷ, ಸೂಜಿ ಚುಚ್ಚಿದಾಗ ಅವಳು ಏನೂ ಕೇಳಲಿಲ್ಲ, ಮೇಜಿನ ಮೇಲಿದ್ದ, ಅಮ್ಮನ ಹೆಸರಿನ ಡಾಕ್ಟರ ಕಾಗದ ಓದಿದ ಮೇಲೂ ಕೇಳಲಿಲ್ಲ, ಓದಿದ್ದಾಳೆ, ಕಾಗದ ಮಡಚಿದ ರೀತಿ ಬೇರೆಯಾಗಿತ್ತು, ಇಂಗ್ಲಿಷು ಅವಳಿಗೆ ತನಗಿಂತ ಚೆನ್ನಾಗಿ ಬರುತ್ತದೆ, ಕೇಳದಿರಲಿ, ಇವತ್ತೊಂದು ದಿನ ಕೇಳದಿರಲಿ, ಊದಿದ ರೆಪ್ಪೆ, ಅದರ ಮೇಲೆ ಅರಿಶಿನ, ಊದಿದ ರೆಪ್ಪೆ — ಅಮ್ಮಾ, ನಿಂಗಿರುವುದು ನಂಗೂ ಉಂಟಾ?