ರೈಟರ್ ಓಂಕಾರಪ್ಪನವರ ನಂಬರು

ಕೂಲಿಯವರ ಮನೆಸಾಲಾದ ನಮ್ಮ ಲೈನಿನಲ್ಲಿ ಯಾರೇ ಯಾವ ಅರ್ಜಿ ತುಂಬಿದರೂ ಫೋನ್ ನಂಬರಿನ ಜಾಗದಲ್ಲಿ ರೈಟರ್ ಓಂಕಾರಪ್ಪನವರದ್ದನ್ನೇ ಬರೆಯುತ್ತೇವೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕುವವರು ಅವರು. ರೀಚಾರ್ಜ್ ತಪ್ಪಿದರೆ ನಮ್ಮ ಸಿಮ್ಮುಗಳು ಸತ್ತುಹೋಗುತ್ತವೆ, ಅವರದ್ದು ಸಾಯುವುದಿಲ್ಲ. ನಾಲ್ಕು ವರ್ಷದ ಹಿಂದೆ ತಂಗಿ ಸುಕನ್ಯಾಳನ್ನು ಬಾಳೂರಿನ ಆಚೆಯ ಟ್ರಸ್ಟ್ ಶಾಲೆಗೆ ಸೇರಿಸುವಾಗಲೂ ಹಾಗೇ ಆಯಿತು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರ ದುಂಡಗಿದೆ ಎಂದು ಅಪ್ಪ ನನ್ನಿಂದಲೇ ಅರ್ಜಿ ಬರೆಸಿದ್ದರು.

ಆ ಶಾಲೆಗೂ ಮಂಗಳೂರಿನ ಕಡೆಯ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಿದೆ. ಪಿಯುಸಿ ಮುಗಿಸಿದ ಆರು ಮಕ್ಕಳಿಗೆ ವರ್ಷವೂ ಡಿಗ್ರಿ ಸೀಟು, ಹಾಸ್ಟೆಲ್ಲು. ಈ ಸಲ ಆರನೆಯ ಹೆಸರು ಸುಕನ್ಯಾಳದ್ದು; ಅದರ ಜೊತೆ ಹೋದದ್ದು ಶಾಲೆಯಲ್ಲಿದ್ದ ಅದೇ ಫೋನ್ ನಂಬರು.

ಸೋಮವಾರ ನಾಲ್ಕು ಗಂಟೆಗೆ ನಾನು ಗುಡ್ಡದ ನೆತ್ತಿಯಲ್ಲಿ ಕಾಫಿ ಗಿಡದ ಚಿಗುರು ತೆಗೆಯುತ್ತಿದ್ದಾಗ ಅವಳು ಶಾಲೆಯಿಂದ ಫೋನ್ ಮಾಡಿದಳು.

“ಅಕ್ಕಾ, ಐದರೊಳಗೆ ಕಂಪ್ಯೂಟರಲ್ಲಿ ಸೀಟು ಒಪ್ಕೋಬೇಕು. ಒಟಿಪಿ ರೈಟರ್ ಫೋನಿಗೆ ಹೋಗ್ತಿದೆ. ಎರಡು ಸಲ ಹೋಯ್ತು, ಇನ್ನೊಂದೇ ಸಲ ಬರೋದು. ಅವ್ರು ನಾವು ಮಾಡಿದ್ರೆ ಎತ್ತುತ್ತಿಲ್ಲ ಅಕ್ಕಾ.”

ಜಾರುತ್ತ ಏಳುತ್ತ ಆಫೀಸಿಗೆ ಓಡಿದೆ. ಹಾಜರಿ ಕೂಗುವಾಗ ಕೈ ಎತ್ತುವುದು ಬಿಟ್ಟರೆ ಓಂಕಾರಪ್ಪನವರ ಎದುರು ನಾನು ಬಾಯಿ ತೆರೆದದ್ದೇ ಇಲ್ಲ. ತೊದಲುತ್ತ ವಿಷಯ ಹೇಳಿದೆ.

“ಏನೇ ಗಿಡ್ಡಪ್ಪನ ಮಗಳೇ, ಮಾತು ಬರುತ್ತಾ ನಿಂಗೆ?” ಎಂದು ನಕ್ಕರು. “ಓ, ಆ ಮೆಸೇಜಾ? ಬಂತು, ಅಳಿಸಿ ಹಾಕ್ದೆ. ಒಟಿಪಿ ಯಾರಿಗೂ ಹೇಳ್ಬೇಡಿ ಅಂತ ಬ್ಯಾಂಕಿನವ್ರು ಬಡ್ಕೊಳ್ತಾರೆ. ನನ್ನ ಖಾತೆ ಖಾಲಿಯಾದ್ರೆ ನಿಮ್ಮಪ್ಪ ತುಂಬ್ತಾನಾ?”

“ಇನ್ನೊಂದು ಬಂದ್ರೆ ತೋರಿಸಿ ಮಾರಾಯ್ರೆ, ಹುಡುಗಿ ಗುಡ್ಡದಿಂದ ಓಡಿ ಬಂದಿದೆ,” ಎಂದರು ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ದಾಸಯ್ಯ.

“ಧಣಿಗಳನ್ನ ಒಂದು ಮಾತು ಕೇಳ್ತೀನಿ.”

ಧಣಿಗಳು ಫೋನ್ ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಆರು ನಿಮಿಷ. ನನ್ನ ಫೋನಿನಲ್ಲಿ ಸುಕನ್ಯಾ ಅಳುತ್ತಿದ್ದಳು. “ಕೊನೇ ಒಟಿಪಿಗೆ ಒತ್ಲಾ ಅಕ್ಕಾ?”

“ಒತ್ತು,” ಎಂದೆ.

ಮೆಸೇಜು ಬಂದ ಸದ್ದಾಯಿತು. ಓಂಕಾರಪ್ಪನವರು ಫೋನನ್ನು ಎದೆಗೆ ಅವುಚಿಕೊಂಡರು. “ಧಣಿಗಳು ಹೇಳ್ಲಿ, ಆಮೇಲೆ.” ನಾನು ಕಾಲು ಹಿಡಿದೆ. ಅವರು ಹಿಂದೆ ಸರಿದರು. ಕೊನೆಗೆ ಎದ್ದು ಅವರ ಬೆರಳು ಬಿಡಿಸಿ ಫೋನ್ ಕಿತ್ತುಕೊಂಡೆ. ಆರು ಅಂಕೆಗಳನ್ನೂ ಕೂಗಿ ಹೇಳಿದೆ.

“ಸುತ್ತುತ್ತಾ ಇದೆ ಅಕ್ಕಾ… ಸುತ್ತುತ್ತಾನೇ ಇದೆ…” ಆಮೇಲೆ ಅವಳು ಓದಿ ಹೇಳಿದಳು. “ಸಮಯ ಮುಗಿದಿದೆ ಅಂತ ಬಂತು.”

ಫೋನನ್ನು ಅವಳ ಟೀಚರ್ ಮಾಲವಿಕಾ ಮಿಸ್ ತೆಗೆದುಕೊಂಡರು. “ನಾನು ಪತ್ರ ಬರೀತೀನಿ ಕಣಮ್ಮಾ. ಆದ್ರೆ ನಾಳೆ ಸೀಟು ಏಳನೇ ಹೆಸರಿಗೆ ಹೋಗುತ್ತೆ. ಒಪ್ಪಂದ ಇರೋದೇ ಹಾಗೆ.”

“ತಪ್ಪು ನಂದು ಮಿಸ್. ಆ ನಂಬರ್ ಬರೆದವಳು ನಾನು. ನಾಳೆ ಮೊದಲ ಬಸ್ಸಿಗೆ ಯೂನಿವರ್ಸಿಟಿಗೇ ಹೋಗ್ತೀನಿ. ಯಾರ ಮುಂದೆ ನಿಲ್ಬೇಕು, ಹೇಳಿ.”

“ಅದು ನಂಗೂ ಗೊತ್ತಿಲ್ವಲ್ಲಮ್ಮಾ.”

“ನನ್ನ ಫೋನ್ ಕೊಡೇ,” ಎಂದು ಓಂಕಾರಪ್ಪನವರು ಕೈ ಚಾಚಿದರು. ನಾನು ಕೊಡಲಿಲ್ಲ.

“ನೀವೂ ಬರ್ಬೇಕು,” ಎಂದೆ. “ಅಳಿಸಿದ್ದು ನಾನೇ ಅಂತ ನೀವೇ ಅವ್ರಿಗೆ ಹೇಳ್ಬೇಕು. ಅಲ್ಲಿವರೆಗೆ ಇದು ನನ್ನ ಹತ್ರಾನೇ ಇರುತ್ತೆ.”

ಅವರು ದಾಸಯ್ಯನವರ ಮುಖ ನೋಡಿದರು. ದಾಸಯ್ಯ ಬಾಗಿಲು ಬಿಟ್ಟು ಕದಲಲಿಲ್ಲ.